ಗೋಡೆ ಓದಿಸಿದ ಮಾಸ್ತರರು

ನಮಗೆ ಇತಿಹಾಸ ಕಲಿಸುತ್ತಿದ್ದ ಮಾಸ್ತರರಿಗೆ ಪಠ್ಯಪುಸ್ತಕದ ಮೇಲೆ ಅಂಥ ಭಕ್ತಿಯೇನೂ ಇರಲಿಲ್ಲ. ವಿಜಯನಗರದ ಪಾಠ ಬಂದರೆ ಸಾಕು, ಪುಸ್ತಕ ಮಡಚಿಸಿ ಇಡೀ ತರಗತಿಯನ್ನು ಎಬ್ಬಿಸಿಕೊಂಡು ಮುದಗಲ್ ಕೋಟೆಯ ಕಡೆ ಹೊರಟುಬಿಡುತ್ತಿದ್ದರು. ಬಿಸಿಲಿಗೆ ನಾವು ಗೊಣಗುತ್ತಿದ್ದೆವು. ಅವರು ಛತ್ರಿ ಬಿಚ್ಚುತ್ತಿದ್ದರು, ತಮಗೆ ಮಾತ್ರ.

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ, ನಡುವೆ ರಾಯಚೂರು ದೋಆಬ್. ಆಚೆ ಬಹಮನಿಗಳು, ಅವರ ನಂತರ ಬಿಜಾಪುರದ ಆದಿಲ್‌ಶಾಹಿಗಳು, ಈಚೆ ವಿಜಯನಗರ. ಎರಡೂ ಕಡೆಯವರಿಗೆ ಈ ಎರೆಭೂಮಿಯೂ ಬೇಕಿತ್ತು, ಅದನ್ನು ಕಾಯುವ ರಾಯಚೂರು, ಮುದಗಲ್ ಕೋಟೆಗಳೂ ಬೇಕಿದ್ದವು. ಇಷ್ಟು ಸರಳ ಕಾರಣಕ್ಕೆ ಇನ್ನೂರು ವರ್ಷಗಳ ಹತ್ತಿರ ಹೊಡೆದಾಡಿದರು ಎಂದರೆ ಹುಡುಗರಿಗೆ ರುಚಿಸುವುದಿಲ್ಲವಲ್ಲ! ನಮಗೆ ಬೇಕಾಗಿದ್ದದ್ದು ಅಕ್ಕಸಾಲಿಗನ ಮಗಳ ಕಥೆ. ಮುದಗಲ್ಲಿನ ಆ ಚೆಲುವೆಯನ್ನು ಬಯಸಿ ಒಂದನೆಯ ದೇವರಾಯ 1406ರಲ್ಲಿ ದಂಡು ಕಳಿಸಿದ, ಅಷ್ಟರಲ್ಲಿ ಅವಳ ಮನೆಯವರು ಊರು ಬಿಟ್ಟಿದ್ದರು, ಕೆರಳಿದ ಫಿರೋಜ್ ಷಾ ಬಹಮನಿ ಯುದ್ಧಕ್ಕೆ ಬಂದ, ಕೊನೆಗೆ ಅವಳು ಸುಲ್ತಾನನ ಮಗನ ಕೈಹಿಡಿದಳು ಎಂದು ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಅವನು ಬರೆದದ್ದು ಇನ್ನೂರು ವರ್ಷ ಕಳೆದ ಮೇಲೆ, ಅದೂ ಬಿಜಾಪುರದ ಆಸ್ಥಾನದಲ್ಲಿ ಕುಳಿತು. ಮಾಸ್ತರರು ಕಥೆಯನ್ನು ಸೊಗಸಾಗಿಯೇ ಹೇಳಿ ಮುಗಿಸಿ, "ಹುಡುಗಿಯ ನೆಪ ಸಿಕ್ಕಿತು, ನೆಲದ ಆಸೆ ಮೊದಲಿನಿಂದಲೂ ಇತ್ತು" ಎನ್ನುತ್ತಿದ್ದರು. ನನಗೂ ಈಗ ಹಾಗೆಯೇ ಅನಿಸುತ್ತದೆ.

ಆದರೆ ಅವರ ನಿಜವಾದ ಪಾಠ ಕಂದಕದ ದಂಡೆಯಲ್ಲಿ ಶುರುವಾಗುತ್ತಿತ್ತು. ಕೆಲವು ಕಡೆ ಐವತ್ತು ಗಜದಷ್ಟು ಅಗಲವಿರುವ ಆ ಕಂದಕದ ಹಿಂದೆ ಬುರುಜುಗಳ ಒಂದು ಸಾಲು, ಅದರ ಹಿಂದೆ ಇಕ್ಕಟ್ಟಾದ ಓಣಿ, ಮತ್ತೆ ಇನ್ನೂ ದಪ್ಪನೆಯ ಬುರುಜುಗಳ ಇನ್ನೊಂದು ಸಾಲು. ಒಂದೇ ಸಾಲು ಸಾಲದೆ ಹೋದದ್ದು ಏಕೆ? ಯಾರಾದರೂ ಉತ್ತರಿಸುವವರೆಗೆ ಅವರು ಮುಂದಕ್ಕೆ ಹೆಜ್ಜೆ ಇಡುತ್ತಿರಲಿಲ್ಲ. ಫಿರಂಗಿ ಬಂದ ಕಾಲಕ್ಕೆ ತಕ್ಕಂತೆ ಹಳೆಯ ಕೋಟೆಯನ್ನು ತಿದ್ದಿ ಕಟ್ಟಿದ್ದಾರೆ ಎಂಬುದು ಹಾಗೆ ನಮ್ಮ ಬಾಯಿಂದಲೇ ಹೊರಬೀಳುತ್ತಿತ್ತು. ಆಮೇಲೆ ಕಲ್ಲಿನ ಕೆಲಸ. ಬುರುಜಿನ ಗೋಡೆ ಹಿಂದೂ ಶೈಲಿಯದು, ನೆತ್ತಿಯ ಮೇಲೆ ಹಲ್ಲಿನಂತೆ ಸಾಲಾಗಿ ನಿಂತ ಕಮಾನಿನಾಕಾರದ ತೆನೆಗಳು ಸುಲ್ತಾನರ ಕಾಲದವು. ಕಾಟಿ ದರವಾಜದ ಮುಂದಿನ ಕಾವಲುಗಾರರ ಹಜಾರದಲ್ಲಿ ದಪ್ಪ ಕಂಬಗಳು ಎರಡೂ ಬದಿಗೆ ನಿಂತಿವೆ, ಅವೂ ಹಳೆಯ ಹಿಂದೂ ಶೈಲಿಯವೇ. ಗೆದ್ದವನು ಕೆಡವಲಿಲ್ಲ, ಮೇಲೆ ಸೇರಿಸಿದ. ಕೆಡವಿ ಕಟ್ಟುವುದಕ್ಕೆ ಪುರುಸೊತ್ತಾದರೂ ಎಲ್ಲಿತ್ತು? ಕೃಷ್ಣದೇವರಾಯ 1520ರಲ್ಲಿ ರಾಯಚೂರನ್ನು ಗೆದ್ದ. ಅವನು ತೀರಿಕೊಳ್ಳುತ್ತಲೇ ಇಸ್ಮಾಯಿಲ್ ಆದಿಲ್ ಷಾ ರಾಯಚೂರು, ಮುದಗಲ್ ಎರಡನ್ನೂ ಕಸಿದುಕೊಂಡ. 1565ರ ರಕ್ಕಸತಂಗಡಿ ಯುದ್ಧದ ನಂತರ ದೋಆಬ್ ಬಿಜಾಪುರದ ಪಾಲಾಯಿತು. ಮುಂದೆ ಮೊಘಲರು, ನಿಜಾಮರು, 1853ರಿಂದ 1860ರವರೆಗೆ ಇಂಗ್ಲಿಷರು, ಮತ್ತೆ ನಿಜಾಮರು.

ಊರಿನ ಇಗರ್ಜಿಯ ಕಥೆ ಬೇರೆಯೇ. ಜೆಸ್ವಿಟ್ ಪಾದ್ರಿಗಳು ಅದನ್ನು ಮೊದಲು ಕಟ್ಟಿದ್ದು 1557ಕ್ಕೂ ಹಿಂದೆ ಎನ್ನುತ್ತಾರೆ. ಅಂದರೆ ರಕ್ಕಸತಂಗಡಿಗೂ ಮುಂಚೆ! ಎರಡು ದಂಡುಗಳ ದಾರಿಯಲ್ಲಿದ್ದ ಊರಿಗೆ ಬಂದು ಶಿಲುಬೆ ನೆಟ್ಟು ಒಕ್ಕಲಾದವರ ಧೈರ್ಯ ದೊಡ್ಡದು. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಗೆಳೆಯ ಆ ಇಗರ್ಜಿಗೆ ಸೇರಿದ ಮನೆಯವನು. ಅವನೂ ನಾನೂ ಮೊಹರಂನಲ್ಲಿ ಹುಸೇನಿ ಆಲಂ ದರ್ಗಾದ ಮುಂದೆ ಜನಜಂಗುಳಿಯಲ್ಲಿ ಸಿಕ್ಕು ಚಪ್ಪಲಿ ಕಳೆದುಕೊಂಡವರು. ಮುದಗಲ್ಲಿನ ಮೊಹರಂ ಎಂದರೆ ಸುತ್ತಲಿನ ಹಳ್ಳಿಗಳೆಲ್ಲ ಬರುತ್ತವೆ. ಹರಕೆ ಹೊತ್ತು ಫಕೀರರಾಗುವವರಲ್ಲಿ, ಬೆಂಕಿ ಹಾಕುವ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರಲ್ಲಿ ಹಿಂದೂಗಳು ಬೇಕಾದಷ್ಟು ಜನ. ಇದನ್ನು ಸೌಹಾರ್ದ ಎಂದು ಭಾಷಣದಲ್ಲಿ ಕರೆಯುವುದನ್ನು ನಾನು ಕೇಳಿದ್ದು ಊರು ಬಿಟ್ಟ ಮೇಲೆ. ಊರಿನಲ್ಲಿ ಅದಕ್ಕೆ ಹಬ್ಬ ಎಂದಷ್ಟೇ ಹೆಸರು.

ಮಾಸ್ತರರು ಒಮ್ಮೆ ನಮ್ಮನ್ನು ಮಸ್ಕಿಗೂ ಕರೆದೊಯ್ದರು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಂಡ ಶಾಸನದ ಬಂಡೆ ಅಲ್ಲಿದೆ. 'ದೇವಾನಾಂಪಿಯ' ಎಂಬ ಬಿರುದಿನ ಜೊತೆ ಅಶೋಕನ ಹೆಸರೂ ಅಲ್ಲಿ ಸಿಕ್ಕಿದ್ದರಿಂದ ಆ ಬಿರುದಿನ ಅರಸ ಯಾರೆಂಬುದು ಖಚಿತವಾಯಿತು. ಚಿನ್ನ ಹುಡುಕಲು ಹೋದವನಿಗೆ ಅಶೋಕ ಸಿಕ್ಕನಲ್ಲ ಎಂದು ನಾವು ನಕ್ಕಿದ್ದೆವು.

ಪತ್ರಿಕೆಯ ಸಂಪಾದಕರು ಈಗಿನ ವಿದ್ಯಾರ್ಥಿಗಳಿಗೆ ಏನಾದರೂ ಹೇಳಿ ಎಂದಿದ್ದಾರೆ. ಕೋಟೆಗೆ ನೀವು ಹೋಗಿಯೇ ಹೋಗುತ್ತೀರಿ, ಸೆಲ್ಫಿಗಾದರೂ. ನಾನು ಕೇಳುವುದು ಇನ್ನೊಂದು. ಈ ಊರು 1948ರವರೆಗೆ ನಿಜಾಮರದು, 1956ರವರೆಗೆ ಹೈದರಾಬಾದ್ ರಾಜ್ಯದ್ದು. ನಮ್ಮ ಅಜ್ಜನ ಟ್ರಂಕಿನಲ್ಲಿದ್ದ ಹೊಲದ ಕಾಗದಗಳೆಲ್ಲ ಉರ್ದುವಿನಲ್ಲಿವೆ. ನಮ್ಮಪ್ಪನಿಗೆ ಒಂದಿಷ್ಟು ಓದಲು ಬರುತ್ತಿತ್ತು, ನನಗೆ ಒಂದಕ್ಷರವೂ ಬಾರದು. ನಿಮ್ಮ ಮನೆಗಳಲ್ಲೂ ಇಂಥವು ಇರುತ್ತವೆ. ಆ ಲಿಪಿ ಬಲ್ಲ ಹಿರಿಯರು ಓಣಿಗೊಬ್ಬರಾದರೂ ಇನ್ನೂ ಇದ್ದಾರೆ. ಅವರ ಪಕ್ಕ ಕುಳಿತು ಓದಿಸಿ, ಕನ್ನಡದಲ್ಲಿ ಬರೆದುಕೊಳ್ಳಿ. ವರ್ಷಕ್ಕೊಂದು ಕಾಗದವನ್ನಾದರೂ ಈ ಪತ್ರಿಕೆ ಅಚ್ಚು ಹಾಕಲಿ. ಮೊದಲ ವರ್ಷಕ್ಕೆ ನಮ್ಮಜ್ಜನ ಟ್ರಂಕಿನಿಂದ ಒಂದನ್ನು ನಾನೇ ಕಳಿಸುತ್ತೇನೆ.