ಮೂತಿ ಬದಲಿಸುವ ಗನ್ನಿಗೆ ಪೇಟೆಂಟ್ ಕೇಳಹೊರಟಾಗ

ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ಶೆಡ್ಡಿನಲ್ಲಿ ಎಲೆಕ್ಟ್ರಿಕ್ ಗಾಡಿಗಳ ಚಾರ್ಜಿಂಗ್ ಕನೆಕ್ಟರಿಗೆ ಕನೆಕ್ಟರ್ ಅನ್ನುವವರಿಲ್ಲ. ಗನ್ ಅಂತಾರೆ. ಗನ್ನಿನ ಮುಂಭಾಗಕ್ಕೆ ನಾನು ಡ್ರಾಯಿಂಗಿನಲ್ಲಿ ‘ಇಂಟರ್‌ಫೇಸ್ ಮಾಡ್ಯೂಲ್’ ಎಂದು ಬರೆಯುತ್ತೇನೆ, ಅಸೆಂಬ್ಲಿ ಟೇಬಲ್ಲಿನ ಕಾಕಾ ಅದನ್ನು ‘ಮೂತಿ’ ಅಂತಾರೆ. ಕಾಕಾ ಜತ್ತ ತಾಲೂಕಿನವರು. ಮನೆಮಾತು ಕನ್ನಡ, ಓದಿದ್ದು ಮರಾಠಿ ಶಾಲೆಯಲ್ಲಿ, ಅದೂ ಏಳನೇ ಇಯತ್ತೆಯವರೆಗೆ. ನಾನು ವಿಜಯಪುರದವನು. ಊಟದ ಡಬ್ಬಿ ಬಿಚ್ಚುವಾಗ ಇಬ್ಬರದೂ ಜೋಳದ ರೊಟ್ಟಿ, ಶೇಂಗಾ ಹಿಂಡಿ.

ನಾವು ಮಾಡಿದ್ದು ಇಷ್ಟು. ಗೋಡೆಗೆ ಹಾಕುವ 7.4 ಕಿಲೋವ್ಯಾಟ್ ಎಸಿ ಚಾರ್ಜರ್, ಅಂದರೆ 230 ವೋಲ್ಟ್, 32 ಆಂಪಿಯರ್. ಅದಕ್ಕೊಂದೇ ಕೇಬಲ್, ಒಂದೇ ಹಿಡಿ. ಮುಂದಿನ ಮೂತಿ ಮಾತ್ರ ಬದಲಿಸಬಹುದು: ಕಾರಿಗೆ ಟೈಪ್ 2, ಸ್ಕೂಟರು ರಿಕ್ಷಾಗಳಿಗೆ ಬೇರೆ. ಇದರ ಅಗತ್ಯ ಏನೆಂದು ಪಾರ್ಕಿಂಗ್ ನಡೆಸುವವರನ್ನು ಕೇಳಿದರೆ ಹೇಳುತ್ತಾರೆ. 2017ರಲ್ಲಿ ಭಾರತ್ ಎಸಿ-001, ಡಿಸಿ-001 ಎಂಬ ಚಾರ್ಜರ್ ಮಾನದಂಡಗಳು ಬಂದವು. ಕಾರುಗಳು ಆಮೇಲೆ ಟೈಪ್ 2, ಸಿಸಿಎಸ್ 2 ಎಂಬ ಬೇರೆ ಕನೆಕ್ಟರುಗಳನ್ನು ಹಿಡಿದವು. ಸಣ್ಣ ವಾಹನಗಳಿಗೆಂದು ಎಸಿ, ಡಿಸಿ ಎರಡೂ ಒಂದೇ ಮೂತಿಯಲ್ಲಿರುವ ಕನೆಕ್ಟರಿಗೆ ಭಾರತೀಯ ಮಾನಕ ಬ್ಯೂರೋ, ಅಂದರೆ ಬಿಐಎಸ್, 2023ರಲ್ಲಿ ಐಎಸ್ 17017ರ ಅಡಿಯಲ್ಲಿ ಮಾನದಂಡ ತಂದಿತು. ಅಷ್ಟರಲ್ಲಿ ಹಳೆಯ ಗಾಡಿಗಳು ರಸ್ತೆಯ ಮೇಲಿದ್ದವಲ್ಲ, ಅವೆಲ್ಲಿಗೆ ಹೋಗಬೇಕು?

ಮೂತಿ ಬದಲಿಸುವ ಯೋಚನೆ ನನ್ನದು. ಯಾವ ಮೂತಿ ಹಾಕಿದ್ದಾರೆಂದು ಚಾರ್ಜರಿಗೆ ತಿಳಿಯಲಿ ಎಂದು ಒಂದೊಂದು ಮೂತಿಯಲ್ಲೂ ಬೇರೆ ಬೇರೆ ಓಂಗಳ ರೆಸಿಸ್ಟರ್ ಇಟ್ಟಿದ್ದೆ. ಆ ರೆಸಿಸ್ಟರಿನ ಬಗ್ಗೆ ನನಗೆ ಎಷ್ಟು ಹೆಮ್ಮೆ ಇತ್ತೆಂದರೆ, ಮಾಲೀಕರ ಮುಂದೆ ಪ್ರೆಸೆಂಟೇಶನ್ ಕೊಡುವಾಗ ಅದಕ್ಕೇ ಮೂರು ಸ್ಲೈಡು ಮೀಸಲಿಟ್ಟಿದ್ದೆ. ಪೇಟೆಂಟ್ ಹಾಕೋಣ ಎಂದು ಅವರು ಅಂದದ್ದೂ ಆ ಮೂರು ಸ್ಲೈಡು ನೋಡಿಯೇ.

ಪೇಟೆಂಟಿನ ಮಾತು ಏಜೆಂಟರ ತನಕ ಹೋಗುವ ಮೊದಲೇ ಚಿಂಚವಾಡದಲ್ಲಿ ಒಂದು ಪ್ರದರ್ಶನ ಬಂತು. ಮಾಲನ್ನು ಮೇಜಿನ ಮೇಲಿಟ್ಟೆವು. ಎರಡನೇ ದಿನ ಮಧ್ಯಾಹ್ನ ನಾಲ್ಕು ರಿಕ್ಷಾ ಇಟ್ಟುಕೊಂಡಿದ್ದ ಒಬ್ಬ ಮಾಲಕರು ಬಂದು, ಡಮ್ಮಿ ಇನ್ಲೆಟ್ಟಿಗೆ, ಅಂದರೆ ಗಾಡಿಯ ಕಡೆಯ ಸಾಕೆಟ್ಟಿನ ನಕಲಿಗೆ, ಗನ್ ಚುಚ್ಚಿ, ಆಮೇಲೆ ತೆಗೆಯಲು ಹೋದರು. ಹಿಡಿಯ ಮೇಲೆ ಮೂತಿ ಬಿಚ್ಚುವ ಗುಂಡಿಯೊಂದಿತ್ತು. ಕೈಗೆ ಸಿಕ್ಕ ಗುಂಡಿ ಎಂದು ಅದನ್ನೇ ಒತ್ತಿದರು. ಮೂತಿ ಇನ್ಲೆಟ್ಟಿನಲ್ಲೇ ಕಚ್ಚಿಕೊಂಡಿತು, ಹಿಡಿ ಕೈಗೆ ಬಂತು. "ಹೇ ಆತಾ ಕಸಂ ಕಾಢಾಯ್ಚಂ?" ಎಂದು ಕೇಳಿದರು, ಇದನ್ನೀಗ ತೆಗೆಯೋದು ಹೇಗೆ ಎಂದು. ಸುತ್ತ ನಿಂತವರು ನಕ್ಕರು, ನಾನೂ ನಕ್ಕೆ. ಕಾಕಾ ಮಾತ್ರ ನಗಲಿಲ್ಲ. ಡಮ್ಮಿಯಲ್ಲಿ ಕರೆಂಟ್ ಇರಲಿಲ್ಲ ಅಷ್ಟೆ. ನಿಜವಾದ ಗಾಡಿಯಾಗಿದ್ದರೆ 32 ಆಂಪಿಯರ್ ಹರಿಯುವಾಗಲೇ ಹಿಂದಿನ ಪಿನ್ನುಗಳು ಬೇರ್ಪಟ್ಟು ಕಿಡಿ ಹಾರುತ್ತಿತ್ತು, ಕೈಯಲ್ಲಿರುವ ತುದಿ ಕರೆಂಟಿನ ಕಡೆಯದು.

ಮೂತಿ ಬೇರೆ, ಹಿಡಿ ಬೇರೆ ಮಾಡಿದ ಕೂಡಲೇ ಎಲ್ಲಾ ತೊಂದರೆಯೂ ಆ ನಡುವಿನ ಜೋಡಣೆಗೆ ಬಂದು ಕೂರುತ್ತದೆ. ಮಾಮೂಲಿ ಗನ್ನಿನಲ್ಲಿ ಗಾಡಿಯ ಕಡೆ ಒಂದೇ ಬಿಚ್ಚುವ ಸಂಪರ್ಕ, ನಮ್ಮದರಲ್ಲಿ ಎರಡು. ಪ್ರತಿ ಪಿನ್ನಿನಲ್ಲಿ ಒಂದು ಮಿಲಿಓಂ ಹೆಚ್ಚಾದರೂ 32 ಆಂಪಿಯರಿಗೆ ಒಂದು ವ್ಯಾಟ್ ಶಾಖ, ಅದೂ ಗಾಳಿಯಾಡದ ಪ್ಲಾಸ್ಟಿಕ್ಕಿನೊಳಗೆ. ಅದಕ್ಕೆ ಬೆಳ್ಳಿ ಲೇಪ, ಗಟ್ಟಿ ಸ್ಪ್ರಿಂಗಿನ ಸಂಪರ್ಕ ಇತ್ಯಾದಿ ಮದ್ದು ಎಲ್ಲರಿಗೂ ಗೊತ್ತಿರುವುದೇ. ಯಾರೋ ನಡುವೆ ಗುಂಡಿ ಒತ್ತುವುದಕ್ಕೆ ಮದ್ದು ನಮ್ಮ ಬಳಿ ಇರಲಿಲ್ಲ. ನಾನು ಸಾಫ್ಟ್‌ವೇರಿನಲ್ಲಿ ನೋಡಿಕೊಳ್ಳೋಣ ಅಂದುಕೊಂಡೆ. ಚಾರ್ಜರೂ ಗಾಡಿಯೂ ಮಾತಾಡಿಕೊಳ್ಳುವ ಕಂಟ್ರೋಲ್ ಪೈಲಟ್ ತಂತಿ, ಅಂದರೆ ಸಿಪಿ, ಕಡಿದರೆ ಚಾರ್ಜರ್ ತಾನಾಗಿಯೇ ಕರೆಂಟ್ ನಿಲ್ಲಿಸುತ್ತದಲ್ಲ.

ಸೋಮವಾರ ಬೆಳಿಗ್ಗೆ ಕಾಕಾ ನನ್ನ ಟೇಬಲ್ಲಿಗೆ ಬಂದು ಒಂದು ಮೂತಿ ಇಟ್ಟರು. "ಸಾಹೇಬ್ರ, ಮೂತಿ ಗಾಡ್ಯಾಗ ಇದ್ದಾಗ ಗುಂಡಿ ಒತ್ತಾಕ ಬರಬಾರ್ದು. ಅಷ್ಟ ಆದ್ರ ಸಾಕು" ಅಂದರು. ಮೂತಿಯ ತುದಿಯಲ್ಲಿ ಸಣ್ಣ ರಂಧ್ರ, ಅದರಲ್ಲೊಂದು ಕಡ್ಡಿ, ಹಿಂದೆ ಬಾಲ್‌ಪೆನ್ನಿನ ಸ್ಪ್ರಿಂಗ್. ಮೂತಿ ಇನ್ಲೆಟ್ಟಿನೊಳಗೆ ಪೂರ್ತಿ ಕೂತಾಗ ಕಡ್ಡಿ ಹಿಂದಕ್ಕೆ ಸರಿದು ಗುಂಡಿಯ ಅಡಿಗೆ ಹೋಗಿ ನಿಲ್ಲುತ್ತದೆ. ಗುಂಡಿ ಒತ್ತಿದರೆ ಕೆಳಗಿಳಿಯುವುದೇ ಇಲ್ಲ. ಗಾಡಿಯಿಂದ ಗನ್ ಹೊರಬಂದ ಮೇಲೆ ಕಡ್ಡಿ ಮುಂದಕ್ಕೆ ಹಾರುತ್ತದೆ, ಗುಂಡಿ ಸಡಿಲ. ಆಮೇಲೆ ನಾನು ಅದೇ ಕಡ್ಡಿಯ ಹಿಂತುದಿಯಿಂದ ಸಿಪಿ ತಂತಿಯ ಸಂಪರ್ಕವನ್ನೂ ಕೂಡಿಸುವ ಹಾಗೆ ಮಾಡಿದೆ. ಮೂತಿ ಅರ್ಧಂಬರ್ಧ ಕೂತರೆ ಕಡ್ಡಿ ಪೂರ್ತಿ ಸರಿಯುವುದಿಲ್ಲ, ಸಿಪಿ ಸೇರುವುದಿಲ್ಲ, ಚಾರ್ಜಿಂಗ್ ಶುರುವೇ ಆಗದು. ನನ್ನ ಕೊಡುಗೆ ಅಷ್ಟೇ. ಕಡ್ಡಿ ಕಾಕಾನದು.

ಪೇಟೆಂಟ್ ಏಜೆಂಟರ ಆಫೀಸು ಮುಂಬೈಯ ಮಾಟುಂಗದಲ್ಲಿ. ಅಲ್ಲಿಂದ ಅಂಟಾಪ್ ಹಿಲ್‌ನ ಪೇಟೆಂಟ್ ಕಚೇರಿ ಹತ್ತಿರ. ಮಹಾರಾಷ್ಟ್ರ, ಗೋವಾ, ಗುಜರಾತುಗಳ ಅರ್ಜಿಗಳೆಲ್ಲ ಆ ಕಚೇರಿಗೇ ಸೇರುತ್ತವೆ. ಈಗ ಅರ್ಜಿ ಆನ್‌ಲೈನ್, ವಿಚಾರಣೆಯೂ ವಿಡಿಯೋದಲ್ಲಿ, ಹಾಗಾಗಿ ಹತ್ತಿರವಿದ್ದು ದೊಡ್ಡ ಲಾಭವೇನಿಲ್ಲ. ಮಾಟುಂಗಕ್ಕೆ ಹೋದರೆ ಇಡ್ಲಿ ಸಿಗುತ್ತದೆ ಎಂಬುದೇ ಲಾಭ. ಏಜೆಂಟ್ ಮೇಡಂ ಉಡುಪಿ ಕಡೆಯವರು. ನನ್ನ ಮೂರು ಸ್ಲೈಡು ಪೂರ್ತಿ ನೋಡಿ, ಏನೂ ಹೇಳದೆ ಡ್ರಾಯರಿನಿಂದ ತಮ್ಮ ಟ್ರಾವೆಲ್ ಚಾರ್ಜರ್ ತೆಗೆದರು. ಅದರ ಮುಂದಿನ ಪಿನ್ನಿನ ತುಂಡು ಕಳಚಿ ಇಂಗ್ಲೆಂಡಿನ ಪಿನ್ ಸಿಕ್ಕಿಸಿ ತೋರಿಸಿದರು. "ಇದಕ್ಕೂ ನಿಮ್ಮ ಗನ್ನಿಗೂ ವ್ಯತ್ಯಾಸ ಎಂತ ಮಾರಾಯ್ರೆ?"

ನನಗೆ ಉತ್ತರ ಹೊಳೆಯಲಿಲ್ಲ. ಮಿಕ್ಸಿ ನೆನಪಾಯಿತು: ಒಂದೇ ಮೋಟರು, ಮೂರು ಜಾರು.

ಅವರು ಮೂರನೇ ಸೆಕ್ಷನ್ನಿನ ಎಫ್ ಉಪವಿಭಾಗ ಓದಿದರು. ಗೊತ್ತಿರುವ ಸಾಧನಗಳನ್ನು ತಂದು ಜೋಡಿಸಿ, ಅವು ಒಂದರ ಗೊಡವೆಗೆ ಒಂದು ಹೋಗದೆ ತಮ್ಮ ಪಾಡಿಗೆ ಹಳೆಯ ಕೆಲಸವನ್ನೇ ಮಾಡುತ್ತಿದ್ದರೆ, 1970ರ ಪೇಟೆಂಟ್ ಕಾಯ್ದೆ ಅದನ್ನು ಇನ್ವೆನ್ಶನ್ ಎಂದು ಒಪ್ಪುವುದಿಲ್ಲ. ‘ಮಾಡ್ಯುಲರ್’ ಎಂದು ಬರೆದ ಅರ್ಜಿಗಳು ಮುಗ್ಗರಿಸುವುದು ಹೆಚ್ಚಾಗಿ ಇಲ್ಲೇ ಅಂದರು. ಬಿಡಿಭಾಗ ಬದಲಾಯಿಸಬಹುದು ಎಂಬುದು ಗಿರಾಕಿಗೆ ಅನುಕೂಲ. ಕಾಯ್ದೆ ಕೇಳುವುದು ಈ ಭಾಗ ಆ ಭಾಗಕ್ಕೆ ಏನು ಮಾಡುತ್ತದೆ ಎಂದು. ಜೊತೆಗೆ ಒಂದು ಹಳೆಯ ಕೇಸು ಹೇಳಿದರು. ಪಾತ್ರೆ ಕಡೆಯುವಾಗ ಲೇತ್‌ನಲ್ಲಿ ಅದನ್ನು ಹಿಡಿದಿಡುವ ಸಾಧನಕ್ಕೆ ಸಿಕ್ಕಿದ್ದ ಪೇಟೆಂಟಿನ ಮೇಲೆ ಸುಪ್ರೀಂ ಕೋರ್ಟ್ 1978ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿತು, ಬಿಶ್ವನಾಥ್ ಪ್ರಸಾದ್ ಪ್ರಕರಣ. ವರ್ಕ್‌ಶಾಪಿನಲ್ಲಿ ದಿನಾ ಮಾಡಿಕೊಳ್ಳುವಂಥ ಸುಧಾರಣೆಗಿಂತ ಹೆಚ್ಚಿನದೇನಾದರೂ ಇರಬೇಕು ಎಂದಿತು, ಪೇಟೆಂಟ್ ಉಳಿಯಲಿಲ್ಲ. ನನಗೆ ಕಾಕಾನ ಬಾಲ್‌ಪೆನ್ ಸ್ಪ್ರಿಂಗ್ ಕಣ್ಮುಂದೆ ಬಂದು ಸ್ವಲ್ಪ ಹೆದರಿಕೆಯಾಯಿತು.

ಪ್ರದರ್ಶನದ ವಿಷಯ ಕೇಳಿ ಮೇಡಂ ಕನ್ನಡಕ ತೆಗೆದಿಟ್ಟರು. ಅರ್ಜಿಗೆ ಮೊದಲು ಜನರೆದುರು ತೋರಿಸಿದ್ದು ನಮಗೇ ಎದುರಾಗಿ ನಿಲ್ಲುತ್ತದೆ. ಪ್ರದರ್ಶನಕ್ಕೆ ಹನ್ನೆರಡು ತಿಂಗಳ ರಿಯಾಯಿತಿ ಇದೆ ಎಂದು ಎಲ್ಲೋ ಓದಿದ್ದೆ. ಇದೆ, ಆದರೆ ಕೇಂದ್ರ ಸರ್ಕಾರ ಗೆಜೆಟ್ಟಿನಲ್ಲಿ ಹೆಸರಿಸಿದ ಪ್ರದರ್ಶನಕ್ಕೆ ಮಾತ್ರ. ನಮ್ಮದು ಅಂಥದ್ದಲ್ಲ. ಮೂತಿ ಬಿಚ್ಚುವುದನ್ನು ನೂರಾರು ಜನ ನೋಡಿಯಾಗಿತ್ತು, ನಮ್ಮ ಸೇಲ್ಸ್ ಹುಡುಗ ವಾಟ್ಸಾಪಿನಲ್ಲಿ ವಿಡಿಯೋ ಕೂಡ ಹಂಚಿದ್ದ. ಅದು ಹೋಯಿತು. ಕಡ್ಡಿ ಉಳಿಯಿತು, ಏಕೆಂದರೆ ಪ್ರದರ್ಶನದಲ್ಲಿ ಕಡ್ಡಿ ಇರಲೇ ಇಲ್ಲ. ಆ ರಿಕ್ಷಾ ಮಾಲಕರು ತಪ್ಪು ಗುಂಡಿ ಒತ್ತಿದ್ದರಿಂದಲೇ ಅದು ಹುಟ್ಟಿದ್ದು.

ಮೇಡಂ ಹನ್ನೆರಡು ಕ್ಲೇಮು, ಅಂದರೆ ಇದು ನಮ್ಮದು ಎಂದು ಹಕ್ಕು ಕೇಳುವ ವಾಕ್ಯಗಳನ್ನು, ಬರೆದರು. ಹತ್ತರವರೆಗೆ ಅರ್ಜಿಯ 1600 ರೂಪಾಯಿಯಲ್ಲೇ ಬರುತ್ತದೆ, ಅದರ ಮೇಲೆ ಒಂದೊಂದಕ್ಕೆ ನಮ್ಮಂಥ ಸಣ್ಣ ಉದ್ದಿಮೆಗೆ 320. ಮಾಲೀಕರು ಕೊನೆಯ ಎರಡನ್ನು ತೆಗೆಯಿರಿ ಅಂದರು. ಕೊನೆಯ ಎರಡರಲ್ಲೇ ಕಡ್ಡಿ ಇತ್ತು! ನಾನು ಸುಮ್ಮನಿದ್ದೆ, ನನ್ನ ರೆಸಿಸ್ಟರ್ ಎರಡನೇ ಕ್ಲೇಮಿನಲ್ಲಿ ಭದ್ರವಾಗಿತ್ತಲ್ಲ. ಮೇಡಂ ಒಪ್ಪಲಿಲ್ಲ. ಅರ್ಜಿ ಹೋದ ಮೇಲೆ ಹೊಸ ಸಂಗತಿ ಸೇರಿಸಲು 59ನೇ ಸೆಕ್ಷನ್ ಬಿಡುವುದಿಲ್ಲ, ಬರೆದದ್ದನ್ನು ಕಿರಿದು ಮಾಡಿಕೊಳ್ಳಬಹುದಷ್ಟೇ. ಬರೆಯದೇ ಬಿಟ್ಟದ್ದು ಬಿಟ್ಟ ಹಾಗೇ ಅಂದರು. 640 ರೂಪಾಯಿ ಕಟ್ಟಿದೆವು. ಸಣ್ಣ ಉದ್ದಿಮೆಗಳು ಬೇಗ ಪರೀಕ್ಷೆ ಮಾಡಿ ಎಂದು ಫಾರ್ಮ್ 18ಎ ಹಾಕಬಹುದು, ಅದನ್ನೂ ಹಾಕಿದೆವು.

ಮೊದಲ ಪರೀಕ್ಷಾ ವರದಿ, ಅಂದರೆ ಎಫ್‌ಇಆರ್, ಬಂದಾಗ ನಾನು ನೇರವಾಗಿ ಎರಡನೇ ಕ್ಲೇಮಿಗೆ ಹೋದೆ. ರೆಸಿಸ್ಟರ್ ಒಂದೇ ಪ್ಯಾರಾದಲ್ಲಿ ಸತ್ತಿತ್ತು. ಟೈಪ್ 2ರಲ್ಲಿ ಪಿಪಿ ಎನ್ನುವ ಪಿನ್ನಿದೆ. ಕೇಬಲ್ ಎಷ್ಟು ಕರೆಂಟ್ ತಡೆಯುತ್ತದೆ ಎಂದು ಅದರೊಳಗಿನ ರೆಸಿಸ್ಟರ್ ನೋಡಿ ತಿಳಿಯುವುದೇ ಅದರ ಕೆಲಸ: 680 ಓಂ ಇದ್ದರೆ 20 ಆಂಪಿಯರ್, 220 ಇದ್ದರೆ 32. ಇದು ನನಗೆ ಗೊತ್ತಿರದ ವಿಷಯವಲ್ಲ. ದಿನಾ ಆ 220 ಓಂ ರೆಸಿಸ್ಟರನ್ನು ನಮ್ಮದೇ ಗನ್ನಿನಲ್ಲಿ ಬೆಸುಗೆ ಹಾಕಿಸುತ್ತಿದ್ದವನು ನಾನು. ಅದೇ ಉಪಾಯವನ್ನು ಒಂದಿಂಚು ಹಿಂದಕ್ಕೆ ಸರಿಸಿ ಹೊಸದು ಅಂದುಕೊಂಡಿದ್ದೆ. ಮೊದಲ ಕ್ಲೇಮಿಗೆ ಬದಲಿಸಬಹುದಾದ ಮುಂಭಾಗವಿರುವ ಎರಡು ಹಳೆಯ ವಿದೇಶಿ ದಾಖಲೆ, ಜೊತೆಗೆ ಮೂರನೇ ಸೆಕ್ಷನ್ನಿನ ಎಫ್. ಮೇಡಂ ಹೇಳಿದ್ದ ಮಾತೇ, ಸರ್ಕಾರಿ ಭಾಷೆಯಲ್ಲಿ.

ಉತ್ತರಕ್ಕೆ ಆರು ತಿಂಗಳಿರುತ್ತದೆ. ನಾವು ಮೊದಲ ಕ್ಲೇಮಿಗೆ ಹನ್ನೊಂದು, ಹನ್ನೆರಡನ್ನು ಸೇರಿಸಿ ಒಂದೇ ಮಾಡಿದೆವು, ರೆಸಿಸ್ಟರನ್ನು ಕೈಬಿಟ್ಟೆವು. ಮಾಲೀಕರಿಗೆ ಕ್ಲೇಮು ಕಿರಿದಾದದ್ದು ಬೇಸರ. ಯಾರೂ ಮೂತಿ ಬದಲಿಸುವ ಗನ್ ಮಾಡಬಾರದು ಎಂಬ ಕನಸಿತ್ತು ಅವರಿಗೆ. ನನಗೇನೋ ಕನೆಕ್ಟರಿನ ಆಕಾರದ ಮೇಲೆ ಒಡೆತನ ಸಾಧಿಸಿ ಈ ಧಂದೆಯಲ್ಲಿ ಗೆಲ್ಲುವುದು ಕಷ್ಟ ಅನಿಸುತ್ತದೆ. ಟೆಸ್ಲಾದಂಥ ಕಂಪನಿಯೇ 2022ರಲ್ಲಿ ತನ್ನ ಕನೆಕ್ಟರಿನ ವಿನ್ಯಾಸವನ್ನು ಎಲ್ಲರಿಗೂ ತೆರೆದಿಟ್ಟಿತು. ಗಿರಾಕಿಗೆ ಎಲ್ಲ ಕಡೆ ಹೊಂದುವುದು ಬೇಕು.

ವಿಚಾರಣೆ ವಿಡಿಯೋದಲ್ಲಿ ಆಯಿತು. ಅರ್ಜಿ ತೀರ್ಮಾನಿಸುವ ಪೇಟೆಂಟ್ ಕಚೇರಿಯ ಅಧಿಕಾರಿ, ಕಂಟ್ರೋಲರ್, ಕೇಳಿದ ಪ್ರಶ್ನೆ ನೇರವಾಗಿತ್ತು: ಇಂಟರ್‌ಲಾಕ್ ಹೊಸತೇ? ಮುಚ್ಚಳ ಸರಿಯಾಗಿ ಕೂರದಿದ್ದರೆ ತಿರುಗದ ಯಂತ್ರಗಳು ಎಷ್ಟಿಲ್ಲ? ಒಳ್ಳೆಯ ಪ್ರಶ್ನೆ, ನಾನಾಗಿದ್ದರೆ ತಡವರಿಸುತ್ತಿದ್ದೆ. ಮೇಡಂ ಮೂತಿಯನ್ನು ಕ್ಯಾಮೆರಾ ಎದುರು ಹಿಡಿದು ಕಡ್ಡಿಯನ್ನು ಬೆರಳಿಂದ ಒತ್ತಿದರು. ಮುಂದೆ ಗಾಡಿಯ ಜೊತೆಗಿನ ಜೋಡಣೆ ಹಿಂದಿನ ಜೋಡಣೆಗೆ ಬೀಗ ಹಾಕುತ್ತಿದೆ, ಅದೇ ಚಲನೆಯಲ್ಲಿ ಸಿಪಿಯನ್ನೂ ಕೂಡಿಸುತ್ತಿದೆ, ಇದಕ್ಕೆಂದು ನಡುವೆ ಹೆಚ್ಚುವರಿ ತಂತಿ ಒಂದೂ ಇಲ್ಲ. ಎರಡು ಜೋಡಣೆಗಳು ತಮ್ಮ ಪಾಡಿಗೆ ತಾವಿಲ್ಲ, ನೀವು ಕೊಟ್ಟ ಎರಡು ದಾಖಲೆಗಳಲ್ಲಿ ಹಿಂದಿನ ಗುಂಡಿಯನ್ನು ಯಾವಾಗ ಬೇಕಾದರೂ ಒತ್ತಬಹುದು, ಅಂದರು. ಕಂಟ್ರೋಲರ್ ಬರಹದಲ್ಲಿ ಕೊಡಿ ಅಂದರು, ಹದಿನೈದು ದಿನದೊಳಗೆ ಕೊಟ್ಟೆವು. ಆದೇಶ ಇನ್ನೂ ಬಂದಿಲ್ಲ.

ವಿಡಿಯೋ ಮುಗಿದ ಮೇಲೆ ಮೇಡಂ ಕೇಳಿದರು, ಈ ಕಡ್ಡಿ ಮಾಡಿದ್ದು ಯಾರು? ಮೊದಲ ಸಲ ಕೇಳಿದಾಗ "ನಮ್ಮ ಟೀಮ್" ಅಂದಿದ್ದೆ. ಅರ್ಜಿಯಲ್ಲಿ ಇನ್ವೆಂಟರ್ ಎಂದು ಇದ್ದದ್ದು ಎರಡೇ ಹೆಸರು, ಮಾಲೀಕರದು ಮತ್ತು ನನ್ನದು. ಈ ಸಲ ಹೇಳಿದೆ. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಪೇಟೆಂಟ್ ಸಿಗುವ ಮೊದಲು ಕೇಳಿದರೆ 28ನೇ ಸೆಕ್ಷನ್ನಿನ ಅಡಿ ಹೆಸರು ಸೇರಿಸಬಹುದು, ಫಾರ್ಮ್ 8. ಹೆಸರು ಬಂತೆಂದು ಪೇಟೆಂಟಿನಲ್ಲಿ ಪಾಲು ಬರುವುದಿಲ್ಲ, ಮಾಲೀಕರಿಗೆ ಅದನ್ನು ಹೇಳಿ ಅಂದರು. ಹೇಳಿದೆ, ಮಾಲೀಕರು ಎರಡು ದಿನ ತೆಗೆದುಕೊಂಡು ಸಹಿ ಹಾಕಿದರು.

ಕಾಗದ ತೆಗೆದುಕೊಂಡು ಅಸೆಂಬ್ಲಿ ಟೇಬಲ್ಲಿಗೆ ಹೋದೆ. ಕಾಕಾ ಕೈ ಒರೆಸಿಕೊಂಡು, ಪೆನ್ನು ಹಿಡಿದು, ವಿಳಾಸದ ಜಾಗದಲ್ಲಿ ನಿಂತರು. ಭೋಸರಿಯ ಖೋಲಿಯ ವಿಳಾಸ ಬರೀಬೇಕೇನು ಎಂದು ಕೇಳಿದರು. ಆಧಾರಿನಲ್ಲಿ ಇದ್ದದ್ದು ಬರೀರಿ ಕಾಕಾ ಅಂದೆ.

"ಹಂಗಾದ್ರ ಊರಿಂದು ಬರೀತೀನ್ರಿ," ಎಂದು ಜತ್ತ ಎಂಬುದನ್ನು ಮರಾಠಿಯಲ್ಲಿ ದುಂಡಗೆ ಬರೆದರು. ಇಂಗ್ಲಿಷಿನಲ್ಲಿ ಬೇಕಿತ್ತು. ಹೊಸ ಫಾರ್ಮ್ ಪ್ರಿಂಟ್ ತೆಗೆಯಲು ಆಫೀಸಿಗೆ ವಾಪಸು ನಡೆದೆ.