ಆಫೀಸಿಗೆ ಮರಳಬೇಕೆ? ಮೊದಲು ನಾಲ್ಕು ವಾರದ ಲೆಕ್ಕ ಬರೆಯಿರಿ

2010ರ ಡಿಸೆಂಬರಿನಲ್ಲಿ ಶಾಂಘೈನ ಸಿಟ್ರಿಪ್ ಎಂಬ ಪ್ರವಾಸ ಕಂಪನಿ ತನ್ನ ಕಾಲ್ ಸೆಂಟರಿನವರಲ್ಲಿ ಕೆಲವರನ್ನು ವಾರಕ್ಕೆ ನಾಲ್ಕು ದಿನ ಮನೆಯಿಂದ ಕೆಲಸಕ್ಕೆ ಕೂರಿಸಿತು. ಬೇಕೆಂದು ಮುಂದೆ ಬಂದವರಲ್ಲಿ ಪ್ರತ್ಯೇಕ ಕೋಣೆ, ಬ್ರಾಡ್‌ಬ್ಯಾಂಡ್ ಮತ್ತು ಆರು ತಿಂಗಳ ಅನುಭವ ಇದ್ದ 249 ಜನರನ್ನು ಆರಿಸಿ, ಹುಟ್ಟಿದ ತಾರೀಕು ಸಮಸಂಖ್ಯೆಯಾಗಿದ್ದವರಿಗೆ ಮನೆ, ಬೆಸಸಂಖ್ಯೆಯವರಿಗೆ ಆಫೀಸು ಎಂದು ಹಂಚಿತು. ಒಂಬತ್ತು ತಿಂಗಳಲ್ಲಿ ಮನೆಯಿಂದ ದುಡಿದವರ ಕೆಲಸ ಶೇ 13ರಷ್ಟು ಹೆಚ್ಚಿತು. ಅವರಲ್ಲಿ ಕೆಲಸ ಬಿಡುವವರ ಪ್ರಮಾಣ ಅರ್ಧಕ್ಕೆ ಇಳಿಯಿತು. ಆಮೇಲೆ ಕಂಪನಿ ಎಲ್ಲರಿಗೂ ಇಷ್ಟ ಬಂದದ್ದನ್ನು ಆರಿಸಿಕೊಳ್ಳಿ ಎಂದಿತು. ಮನೆಯನ್ನು ತಾವೇ ಕೇಳಿ ಪಡೆದಿದ್ದವರಲ್ಲಿ ಸುಮಾರು ಅರ್ಧದಷ್ಟು ಜನ ಆಫೀಸಿಗೆ ವಾಪಸಾದರು. ಒಂಟಿತನ ಒಂದು ಕಾರಣ. ಇನ್ನೊಂದು, ಅಷ್ಟೇ ಚೆನ್ನಾಗಿ ಕೆಲಸ ಮಾಡಿದರೂ ಬಡ್ತಿಯಲ್ಲಿ ಹಿಂದೆ ಬಿದ್ದದ್ದು.

ಸ್ಟ್ಯಾನ್‌ಫರ್ಡ್‌ನ ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಮತ್ತು ಜೊತೆಗಾರರು ಮಾಡಿದ ಆ ಅಧ್ಯಯನದಲ್ಲಿ ಶೇ 13 ಎಂಬ ಅಂಕಿಯನ್ನೇ ಎಲ್ಲರೂ ಎತ್ತಿ ಹೇಳುತ್ತಾರೆ. ನನಗೆ ಮುಖ್ಯವೆನಿಸುವುದು ವಾಪಸಾದ ಆ ಅರ್ಧ ಜನ. ಆಫೀಸಿಗೆ ಮರಳಬೇಕೆ ಎಂಬ ಪ್ರಶ್ನೆಗೆ ಬೇಕು ಅಥವಾ ಬೇಡ ಎಂಬ ಉತ್ತರ ಒಮ್ಮೆ ಹೇಳಿ ಮುಗಿಸುವಂಥದ್ದಲ್ಲ. ಮಾಡಿ ನೋಡಿದ ಮೇಲೆ ಅದು ಬದಲಾಗುತ್ತದೆ, ಮನೆಯ ಪರಿಸ್ಥಿತಿ ಬದಲಾದಾಗ ಮತ್ತೆ ಬದಲಾಗುತ್ತದೆ. ಹಾಗಾಗಿ ಬೆಂಗಳೂರಿನ ಐಟಿ ಕಂಪನಿಗಳಲ್ಲಿ ದುಡಿಯುವವರು ಈ ಪ್ರಶ್ನೆಗೆ ಊಹೆಯಿಂದ ಉತ್ತರಿಸುವ ಬದಲು ಬರೆದಿಟ್ಟ ಲೆಕ್ಕದಿಂದ ಉತ್ತರಿಸಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಆರಿಸಿಕೊಳ್ಳಲು ಇರುವ ಜಾಗ ಕಿರಿದಾಗಿದೆ ಎಂಬುದು ನಿಜ. ಟಿಸಿಎಸ್ 2023ರ ಅಕ್ಟೋಬರ್ 1ರಿಂದ ವಾರದ ಐದೂ ದಿನ ಬನ್ನಿ ಎಂದಿತು. ಅಮೆಜಾನ್ 2025ರ ಜನವರಿಯಿಂದ ಹಾಗೆಯೇ ಮಾಡಿತು. ಇನ್ಫೋಸಿಸ್ ತಿಂಗಳಿಗೆ 10 ದಿನ ಎಂದಿತು. ಆದರೆ ಬಹಳಷ್ಟು ಕಡೆ ಇನ್ನೂ ವಾರಕ್ಕೆ ಎರಡು ಮೂರು ದಿನಗಳ ನಿಯಮ ನಡೆಯುತ್ತಿದೆ. ಅದರೊಳಗೆ ಯಾವ ದಿನ, ಎಷ್ಟು ಹೊತ್ತು, ಎಲ್ಲಿಂದ ಎಂಬುದನ್ನು ಮಾತಾಡಿಕೊಳ್ಳಲು ಅವಕಾಶ ಉಂಟು.

ಲೆಕ್ಕ ಹೀಗೆ ಬರೆಯಿರಿ. ನಾಲ್ಕು ವಾರ, ದಿನಕ್ಕೊಂದು ಸಾಲು ಸಾಕು. ಮನೆ ಬಾಗಿಲು ದಾಟಿದ ಹೊತ್ತು, ಸೀಟಿಗೆ ತಲುಪಿದ ಹೊತ್ತು, ಹೊರಟ ಹೊತ್ತು, ಮನೆ ಸೇರಿದ ಹೊತ್ತು. ಪಕ್ಕದಲ್ಲಿ ಆ ದಿನದ ಖರ್ಚು. ಮೂರನೆಯ ಕಾಲಮಿನಲ್ಲಿ ಆ ದಿನ ಅಡ್ಡಿಯಿಲ್ಲದೆ ಕೆಲಸ ಮಾಡಿದ ಗಂಟೆ. ನಾಲ್ಕನೆಯದರಲ್ಲಿ, ಎದುರುಬದುರು ಕೂತಿದ್ದರಿಂದಲೇ ಆದ ಕೆಲಸ ಏನಾದರೂ ಇತ್ತೇ ಎಂಬುದು. ಆಫೀಸಿಗೆ ಹೋಗಿ ದಿನವಿಡೀ ಹೆಡ್‌ಸೆಟ್ ಹಾಕಿಕೊಂಡು ಪುಣೆ, ಹೈದರಾಬಾದಿನವರ ಜೊತೆ ಕರೆಯಲ್ಲಿದ್ದರೆ ನಾಲ್ಕನೆಯ ಕಾಲಮು ಖಾಲಿ. ಹೆಚ್ಚಿನವರು ಮೊದಲ ಮೂರನ್ನು ಮಾತ್ರ ಲೆಕ್ಕ ಹಿಡಿಯುತ್ತಾರೆ. ನಿರ್ಧಾರ ನಿಂತಿರುವುದು ಈ ನಾಲ್ಕನೆಯದರ ಮೇಲೆ.

ಉದಾಹರಣೆಗೆ ಒಂದು ಕಡೆಗೆ 18 ಕಿಲೋಮೀಟರ್, ಔಟರ್ ರಿಂಗ್ ರಸ್ತೆಯ ದಟ್ಟಣೆಯಲ್ಲಿ 75 ನಿಮಿಷ ಎಂದಿಟ್ಟುಕೊಳ್ಳಿ. ತಿಂಗಳಿಗೆ 12 ದಿನ ಹೋದರೆ 30 ಗಂಟೆ, ಅಂದರೆ ಒಂಬತ್ತು ಗಂಟೆಯ ಮೂರಕ್ಕೂ ಹೆಚ್ಚು ಕೆಲಸದ ದಿನ ರಸ್ತೆಯ ಮೇಲೆಯೇ ಕಳೆಯುತ್ತವೆ. ದಿನಕ್ಕೆ 36 ಕಿಲೋಮೀಟರಿಗೆ, ನಿಂತು ನಿಂತು ಸಾಗುವಾಗ ಲೀಟರಿಗೆ 12 ಕಿಲೋಮೀಟರ್ ಕೊಡುವ ಕಾರಿಗೆ 3 ಲೀಟರ್ ಪೆಟ್ರೋಲ್ ಬೇಕು. ಲೀಟರಿಗೆ 100 ರೂಪಾಯಿ ಹಿಡಿದರೂ ದಿನಕ್ಕೆ 300. ಲೀಟರಿಗೆ 40 ಕೊಡುವ ಬೈಕಿಗೆ 90 ರೂಪಾಯಿ. ಕಂಪನಿಯ ಕ್ಯಾಬು ದುಡ್ಡು ಉಳಿಸುತ್ತದೆ, ಸಮಯ ಉಳಿಸುವುದಿಲ್ಲ. ನಾಲ್ಕು ಮನೆ ಸುತ್ತಿ ಹತ್ತಿಸಿಕೊಂಡು ಬರುವುದರಿಂದ ಮೊದಲು ಹತ್ತಿದವರಿಗೆ ಅರ್ಧ ಗಂಟೆ ಹೆಚ್ಚೇ ಹಿಡಿಯುತ್ತದೆ.

ವಾರದ ಯಾವ ದಿನ ಹೋಗುತ್ತೀರಿ ಎಂಬುದರಿಂದಲೂ ಆಗುವ ವ್ಯತ್ಯಾಸ ದೊಡ್ಡದು. ಕೆಲವು ದಿನ ಆಫೀಸು, ಕೆಲವು ದಿನ ಮನೆ ಎಂಬ ಹೈಬ್ರಿಡ್ ನಿಯಮ ಇರುವಲ್ಲಿ ಜನ ಸೋಮವಾರ, ಶುಕ್ರವಾರವನ್ನು ಮನೆಗೆ ಇಟ್ಟುಕೊಂಡು ನಡುವಿನ ಮೂರು ದಿನ ಬರುತ್ತಾರೆ. 2025ರಲ್ಲಿ ಸಂಚಾರ ಪೊಲೀಸರೇ ಔಟರ್ ರಿಂಗ್ ರಸ್ತೆಯ ಕಂಪನಿಗಳಿಗೆ, ಬುಧವಾರ ಮನೆಯಿಂದ ಕೆಲಸ ಮಾಡಲು ಬಿಡಿ ಎಂದು ಕೇಳಿಕೊಂಡದ್ದು ಇದಕ್ಕೇ. ತಂಡ ಒಪ್ಪಿದರೆ ಸೋಮವಾರ, ಶುಕ್ರವಾರವನ್ನೇ ಆಫೀಸಿನ ದಿನ ಮಾಡಿ ನೋಡಿ. ರಸ್ತೆ, ಸೀಟು, ಕ್ಯಾಂಟೀನು ಮೂರೂ ಸಲೀಸು.

ಮೆಟ್ರೊ ವಿಷಯದಲ್ಲಿ ಆಫೀಸು ಯಾವ ದಿಕ್ಕಿನಲ್ಲಿದೆ ಎಂಬುದರ ಮೇಲೆ ಎಲ್ಲವೂ ಬದಲಾಗುತ್ತದೆ. ನೇರಳೆ ಮಾರ್ಗ 2023ರ ಅಕ್ಟೋಬರಿನಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡಿನವರೆಗೆ ಪೂರ್ತಿ ಓಡುತ್ತಿದೆ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದ ಹಳದಿ ಮಾರ್ಗ 2025ರ ಆಗಸ್ಟಿನಲ್ಲಿ ಶುರುವಾಯಿತು. ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದ ನೀಲಿ ಮಾರ್ಗ ತೆರೆಯುವವರೆಗೆ ಔಟರ್ ರಿಂಗ್ ರಸ್ತೆಯವರಿಗೆ ಬಸ್ಸು, ಕ್ಯಾಬೇ ಗತಿ. ಹೀಗಾಗಿ ಒಂದೇ ಕಂಪನಿಯ ಇಬ್ಬರಲ್ಲಿ ವೈಟ್‌ಫೀಲ್ಡ್ ಕಟ್ಟಡದವರು "ಆಫೀಸೇ ಚೆನ್ನ" ಎಂದರೆ, ಮಾರತ್ತಹಳ್ಳಿ ಕಟ್ಟಡದವರು "ಬೇಡಪ್ಪಾ" ಎನ್ನುತ್ತಾರೆ. ಇಬ್ಬರೂ ಆಫೀಸಿನ ಬಗ್ಗೆ ಮಾತಾಡುತ್ತಿಲ್ಲ, ದಾರಿಯ ಬಗ್ಗೆ ಮಾತಾಡುತ್ತಿದ್ದಾರೆ. ಇದನ್ನು ಬೇರ್ಪಡಿಸಿ ಕೇಳದೆ ನಡೆಸುವ ಸಿಬ್ಬಂದಿ ಸಮೀಕ್ಷೆಗಳಿಂದ ಮ್ಯಾನೇಜ್‌ಮೆಂಟಿಗೆ ಏನೂ ತಿಳಿಯುವುದಿಲ್ಲ.

ಊರಿನಲ್ಲೇ ಉಳಿದಿರುವವರ ಲೆಕ್ಕ ಬೇರೆ. ಶಿವಮೊಗ್ಗ, ಹುಬ್ಬಳ್ಳಿ, ಮಂಗಳೂರು, ಮೈಸೂರುಗಳಿಂದ ದುಡಿಯುವವರು ಬೆಂಗಳೂರಿನಲ್ಲಿ ಮನೆ ಮಾಡುವ ಮುನ್ನ ಹಾಜರಾತಿ ನಿಯಮವನ್ನು ಪೂರ್ತಿ ಓದಬೇಕು. ಎಚ್‌ಆರ್‌ಗೆ ಕೇಳಬೇಕಾದದ್ದು: ಲೆಕ್ಕ ವಾರಕ್ಕೋ, ತಿಂಗಳಿಗೋ, ಮೂರು ತಿಂಗಳಿಗೋ? ರಜೆ ಹಾಕಿದ ದಿನವನ್ನು ಒಟ್ಟು ದಿನಗಳಿಂದ ಕಳೆಯುತ್ತಾರೋ ಇಲ್ಲವೋ? ಸ್ವೈಪ್ ಮಾಡಿದರೆ ಸಾಕೋ, ಇಷ್ಟು ಗಂಟೆ ಒಳಗಿರಬೇಕೋ? ಬೇರೆ ಊರಿನ ಶಾಖೆಯ ಹಾಜರಿ ನಡೆಯುತ್ತದೋ? 21 ಕೆಲಸದ ದಿನಗಳ ತಿಂಗಳಲ್ಲಿ ಶೇ 60 ಹಾಜರಾತಿ ಎಂದರೆ 13 ದಿನ, ಶೇ 85 ಎಂದರೆ 18 ದಿನ. ರಜೆಯನ್ನು ಕಳೆಯದ ಕಂಪನಿಯಲ್ಲಿ ಶೇ 85ರ ನಿಯಮ ಇದ್ದರೆ, ನಾಲ್ಕು ದಿನ ಜ್ವರ ಬಂದು ಮಲಗಿದವರಿಗೆ ಉಳಿದೆಲ್ಲ ದಿನ ಬಂದರೂ ಗುರಿ ಮುಟ್ಟಲಾಗುವುದಿಲ್ಲ. ಕೆಲವು ಕಡೆ ವೇರಿಯಬಲ್ ಪೇ (ಸಂಬಳದಲ್ಲಿ ಹೆಚ್ಚುಕಡಿಮೆಯಾಗುವ ಭಾಗ) ಕೂಡ ಇದಕ್ಕೇ ಕಟ್ಟಿರುವುದರಿಂದ ಇದು ಸಣ್ಣ ವಿವರವಲ್ಲ.

ತಿಂಗಳಿಗೆ 10 ದಿನ ಎಂಬ ನಿಯಮ ಇದ್ದು, ವಾರಕ್ಕಿಷ್ಟು ಎಂಬ ಕಟ್ಟು ಇಲ್ಲದಿದ್ದರೆ ಒಂದು ದಾರಿಯಿದೆ. ಒಂದು ತಿಂಗಳ ಕೊನೆಯ ಎರಡು ವಾರ, ಮುಂದಿನ ತಿಂಗಳ ಮೊದಲ ಎರಡು ವಾರ ಆಫೀಸಿಗೆ ಹೋಗುವುದು. ನಾಲ್ಕು ವಾರ ಒಂದೇ ಸಮನೆ ಪಿಜಿಯಲ್ಲಿದ್ದು, ಆಮೇಲೆ ಸುಮಾರು ನಾಲ್ಕು ವಾರ ಊರಲ್ಲಿರಬಹುದು. ಎರಡು ತಿಂಗಳಿಗೆ ಒಂದು ತಿಂಗಳ ಬಾಡಿಗೆ ಮಾತ್ರ. ಪಿಜಿಯವರು ಒಂದನೇ ತಾರೀಕಿನಿಂದ ಲೆಕ್ಕ ಹಾಕುವವರಾದರೆ ಎರಡು ತಿಂಗಳ ದುಡ್ಡು ಹೋಗುತ್ತದೆ. ಸೇರಿದ ದಿನದಿಂದ ಲೆಕ್ಕ ಹಾಕುವವರನ್ನೇ ಹುಡುಕಿ. ಮೊದಲ ತಿಂಗಳಲ್ಲಿ 10ರ ಬದಲು 12 ದಿನ ಸಿಗುವಂತೆ ಬೇಗ ಬನ್ನಿ. ತಿಂಗಳ ಕೊನೆಯಲ್ಲಿ ಕಾಯಿಲೆ ಬಿದ್ದರೆ ತುಂಬಿಸಿಕೊಳ್ಳಲು ದಿನಗಳೇ ಉಳಿದಿರುವುದಿಲ್ಲ.

ಮನೆಯನ್ನೇ ಬಾಡಿಗೆಗೆ ಹಿಡಿಯುವುದಾದರೆ ಬಾಡಿಗೆಯೊಂದನ್ನೇ ನೋಡಬೇಡಿ. ಐದಾರು ತಿಂಗಳಿನ, ಕೆಲವೆಡೆ ಹತ್ತು ತಿಂಗಳಿನ ಅಡ್ವಾನ್ಸು ಸಿಕ್ಕಿಕೊಳ್ಳುತ್ತದೆ. ಬಿಡುವಾಗ ಪೇಂಟಿಂಗ್ ಎಂದು ಒಂದು ತಿಂಗಳಿನದು ಹಿಡಿಯುತ್ತಾರೆ. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಇಲ್ಲ, ಆದ್ದರಿಂದ ಇಡೀ ಬಾಡಿಗೆ ಕೈಯಿಂದಲೇ ಹೋದಂತೆ. ಮೈಸೂರಿನಿಂದ ಓಡಾಡುವವರು ನೆನಪಿಡಬೇಕಾದದ್ದು, ರೈಲ್ವೆಯ ತಿಂಗಳ ಪಾಸು ವಂದೇ ಭಾರತ್, ಶತಾಬ್ದಿಗಳಲ್ಲಿ ನಡೆಯುವುದಿಲ್ಲ.

ಇನ್ನು ಮನೆಯಲ್ಲೇ ಉಳಿಯುವೆ ಎನ್ನುವವರು ಮನೆಯನ್ನು ಕೆಲಸಕ್ಕೆ ಸಜ್ಜು ಮಾಡಿಕೊಂಡೇ ಆ ಮಾತು ಆಡಬೇಕು. "ಕರೆಂಟು ಹೋಯಿತು, ನೆಟ್ ಬರುತ್ತಿಲ್ಲ" ಎಂಬ ಮಾತು ತಿಂಗಳಿಗೆ ಮೂರು ಸಲ ಬಂದರೆ ಮ್ಯಾನೇಜರ್ ಎಷ್ಟೇ ಒಳ್ಳೆಯವರಿದ್ದರೂ ನಿಮ್ಮ ಪರ ನಿಲ್ಲಲಾರರು. ಲ್ಯಾಪ್‌ಟಾಪಿಗೆ 60 ವ್ಯಾಟ್, ಮಾನಿಟರಿಗೆ 30, ಹಳೆಯ ಫ್ಯಾನಿಗೆ 70, ರೌಟರಿಗೆ 10, ದೀಪಕ್ಕೆ 10, ಒಟ್ಟು 180 ವ್ಯಾಟ್. 12 ವೋಲ್ಟಿನ 150 ಎಎಚ್ (ಆಂಪಿಯರ್-ಅವರ್) ಟ್ಯೂಬ್ಯುಲರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1,800 ವ್ಯಾಟ್-ಅವರ್ ಇದ್ದರೂ, ಯುಪಿಎಸ್‌ನಲ್ಲಿ ನಷ್ಟವಾಗುವುದು ಮತ್ತು ಬ್ಯಾಟರಿಯನ್ನು ತಳದವರೆಗೆ ಹಿಂಡಬಾರದು ಎಂಬುದನ್ನು ಕಳೆದರೆ ಕೈಗೆ ಸಿಗುವುದು ಸುಮಾರು 1,000. ಐದೂವರೆ ಗಂಟೆ. ಬ್ಯಾಟರಿ ಹಳೆಯದಾದಂತೆ ಇದು ಕುಗ್ಗುತ್ತಾ ಹೋಗುತ್ತದೆ. ಡಿಸ್ಟಿಲ್ಡ್ ನೀರಿನ ಮಟ್ಟ ನೋಡದೆ ಬಿಟ್ಟರೆ ಇನ್ನೂ ಬೇಗ. ಮಲೆನಾಡಿನ ಮಳೆಗಾಲಕ್ಕೆ ಇದು ಸಾಲದು, ಅಲ್ಲಿ ಮರ ಬಿದ್ದರೆ ಕರೆಂಟು ಎರಡು ದಿನ ಬಾರದು.

ಮನೆಯಲ್ಲಿ ಯುಪಿಎಸ್ ಇದ್ದೂ ನೆಟ್ ನಿಲ್ಲುವುದೇಕೆ ಎಂದು ಬಹಳ ಜನ ಕೇಳುತ್ತಾರೆ. ನಿಮ್ಮ ಫೈಬರ್ ಹೋಗಿ ಸೇರುವ ಕೇಬಲ್‌ನವರ ಪೆಟ್ಟಿಗೆಯಲ್ಲೋ ಎಕ್ಸ್‌ಚೇಂಜಿನಲ್ಲೋ ಬ್ಯಾಟರಿ ಮುಗಿದಿರುತ್ತದೆ. ನಿಮ್ಮ ಮನೆಯ ಫೈಬರ್ ಪೆಟ್ಟಿಗೆಯ ಮೇಲೆ ಎಲ್‌ಒಎಸ್ (ಸಿಗ್ನಲ್ ಇಲ್ಲ ಎಂದು ತೋರಿಸುವ) ದೀಪ ಕೆಂಪಾಗಿದ್ದರೆ ಬೆಳಕೇ ಬರುತ್ತಿಲ್ಲ ಎಂದು ಅರ್ಥ. ತಂತಿ ತುಂಡಾಗಿರಬೇಕು ಅಥವಾ ಆಚೆ ತುದಿ ಆರಿರಬೇಕು, ನೀವು ರೌಟರನ್ನು ಎಷ್ಟು ಸಲ ಆರಿಸಿ ಹಚ್ಚಿದರೂ ಪ್ರಯೋಜನವಿಲ್ಲ. ಕೆಂಪು ಇಲ್ಲದೆಯೂ ನೆಟ್ ಬರದಿದ್ದರೆ ಮಾತ್ರ ರೌಟರ್ ಆರಿಸಿ ಹಚ್ಚಿ ನೋಡಿ. ಬದಲಿ ವ್ಯವಸ್ಥೆಗೆ ಬೇರೆ ಕಂಪನಿಯ ಸಿಮ್ ಇರಲಿ. ಅದನ್ನು ರಾತ್ರಿ ಹತ್ತಕ್ಕಲ್ಲ, ಸೋಮವಾರ ಬೆಳಿಗ್ಗೆ ಕೆಲಸದ ಹೊತ್ತಿನಲ್ಲೇ ಪರೀಕ್ಷಿಸಿ. ವಿಡಿಯೊ ಕರೆಗೆ ಅಪ್‌ಲೋಡ್ 3-4 ಎಂಬಿಪಿಎಸ್ ಸ್ಥಿರವಾಗಿ ಸಿಕ್ಕರೆ ಸಾಕು.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಪ್ರಶ್ನೆಗೆ ಸುಲಭದ ಉತ್ತರ ಕೊಡುವವರನ್ನು ನಾನು ನಂಬುವುದಿಲ್ಲ. ಮನೆಯಿಂದ ಕೆಲಸ ಅವರಿಗೆ ಅನುಕೂಲ ಎನ್ನುತ್ತಾರೆ. ಲ್ಯಾಪ್‌ಟಾಪ್ ಮುಂದೆ ಕೂತವಳನ್ನು "ಮನೆಯಲ್ಲೇ ಇದ್ದೀಯಲ್ಲ" ಎಂದು ಕುಕ್ಕರ್ ಕೂಗಿದಾಗ, ಗ್ಯಾಸಿನವನು ಬಂದಾಗ, ಅತ್ತೆಯವರಿಗೆ ಮಾತ್ರೆ ಕೊಡುವಾಗ ಎಬ್ಬಿಸುವ ಮನೆಗಳೂ ಇವೆ. ಅಂಥವಳಿಗೆ ಆಫೀಸೇ ಉಸಿರಾಡುವ ಜಾಗ. ಎಳೆಮಗು ಇರುವವರಿಗೆ ಕಾನೂನಿನಲ್ಲೇ ಒಂದು ಬಾಗಿಲಿದೆ: 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯಿಂದ ಬಂದು, ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿರುವ ನಿಯಮದಂತೆ, ಕೆಲಸದ ಸ್ವರೂಪ ಒಗ್ಗುವುದಾದರೆ ರಜೆ ಮುಗಿದ ಮೇಲೂ ಪರಸ್ಪರ ಒಪ್ಪಿಗೆಯಿಂದ ಮನೆಯಿಂದ ಕೆಲಸ ಮಾಡಬಹುದು. 50 ಅಥವಾ ಹೆಚ್ಚು ಸಿಬ್ಬಂದಿ ಇರುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿಬರಬಹುದು. ಆಫೀಸಿಗೆ ಕರೆಯುವ ಕಂಪನಿಗೆ ಇದನ್ನು ಮೊದಲು ಕೇಳಿ.

ತಂಡ ನಡೆಸುವವರಿಗೂ ಒಂದು ಮಾತು. ಜನ ಆಫೀಸನ್ನು ದ್ವೇಷಿಸುವುದು ಕಡಿಮೆ. ಎರಡು ಗಂಟೆ ಪ್ರಯಾಣಿಸಿ ಬಂದು, ಬುಕ್ ಮಾಡಿದ ಸೀಟಿನಲ್ಲಿ ಮಾನಿಟರ್ ಇಲ್ಲದೆ, ತಂಡದವರು ಯಾರೂ ಬಾರದೆ, ಮನೆಯಲ್ಲಿ ಮಾಡುವುದನ್ನೇ ಇಲ್ಲಿ ಮಾಡುವುದನ್ನು ದ್ವೇಷಿಸುತ್ತಾರೆ. ದಿನ ಎಣಿಸುವ ಬದಲು ದಿನ ಗೊತ್ತು ಮಾಡಿ. ಇಡೀ ತಂಡಕ್ಕೆ ಒಂದೇ ಎರಡು ದಿನ, ಆ ದಿನಗಳಲ್ಲಿ ವಿನ್ಯಾಸದ ಚರ್ಚೆ, ಹೊಸಬರಿಗೆ ಕಲಿಸುವುದು, ಜಗಳ ಬಿಡಿಸುವುದು. ಮಿಕ್ಕ ದಿನಗಳಿಗೆ ಬರೆಯುವ, ಓದುವ ಕೆಲಸ. ಮೊದಲು ಹೇಳಿದ ಸಿಟ್ರಿಪ್, ಈಗ ಟ್ರಿಪ್ ಡಾಟ್ ಕಾಮ್, 2021-22ರಲ್ಲಿ 1,612 ಜನರ ಮೇಲೆ ಇನ್ನೊಂದು ಪ್ರಯೋಗ ನಡೆಸಿತು. ಬುಧವಾರ, ಶುಕ್ರವಾರ ಮನೆ, ಉಳಿದ ದಿನ ಆಫೀಸು. ಕೆಲಸ ಬಿಡುವವರು ಮೂರನೇ ಒಂದರಷ್ಟು ಕಡಿಮೆಯಾದರು, ಬಡ್ತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಮೊದಲ ಪ್ರಯೋಗದ ಕೊರತೆ ನೀಗಿದ್ದು ಬಹುಶಃ ಹೀಗೆ: ವಾರದಲ್ಲಿ ಮೂರು ದಿನ ಮುಖ ಕಾಣುವವರನ್ನು ಬಡ್ತಿಯ ಹೊತ್ತಿನಲ್ಲಿ ಮರೆಯುವುದು ಕಷ್ಟ.

ಅರ್ಧ ಜನ ಕೋಣೆಯಲ್ಲಿ, ಅರ್ಧ ಜನ ಮನೆಯಲ್ಲಿ ಇರುವ ಮೀಟಿಂಗೇ ಎಲ್ಲಕ್ಕಿಂತ ಕೆಟ್ಟದ್ದು. ಮೇಜಿನ ನಡುವಿನ ಒಂದೇ ಮೈಕಿಗೆ ಹತ್ತಿರದವರ ಪಿಸುಮಾತು ಕೇಳುತ್ತದೆ, ದೂರದವರ ಮಾತು ಕೇಳುವುದಿಲ್ಲ, ಬೋರ್ಡಿನ ಮೇಲೆ ಬರೆದದ್ದು ಕಾಣುವುದಿಲ್ಲ. ಒಬ್ಬರು ಹೊರಗಿದ್ದರೂ ಎಲ್ಲರೂ ತಮ್ಮ ತಮ್ಮ ಲ್ಯಾಪ್‌ಟಾಪಿನಿಂದ ಕರೆಗೆ ಸೇರಲಿ. ಕೋಣೆಯೊಳಗೆ ಒಂದು ಮೈಕು, ಒಂದು ಸ್ಪೀಕರ್ ಬಿಟ್ಟು ಮಿಕ್ಕದ್ದನ್ನು ಮುಚ್ಚಿಡಿ, ಇಲ್ಲವಾದರೆ ಧ್ವನಿ ಕೀರಲಾಡುತ್ತದೆ. ಬರೆಯುವುದೆಲ್ಲ ಹಂಚಿಕೊಂಡ ಪರದೆಯ ಮೇಲಿರಲಿ.

ನಾಲ್ಕು ವಾರದ ಹಾಳೆ ಕೈಯಲ್ಲಿದ್ದರೆ ಮ್ಯಾನೇಜರ್ ಹತ್ತಿರ ಮಾತಾಡುವುದು ಸುಲಭ. "ನನಗೆ ಮನೆಯೇ ಇಷ್ಟ" ಎನ್ನಬೇಡಿ. "ಮಂಗಳವಾರ, ಗುರುವಾರ ತಂಡದ ಜೊತೆ ಇರುತ್ತೇನೆ, ಮಿಕ್ಕ ಮೂರು ದಿನ ಮನೆಯಿಂದ, ಮೂರು ತಿಂಗಳು ಮಾಡಿ ನೋಡೋಣ, ಆಮೇಲೆ ಈ ಈ ಕೆಲಸ ನೋಡಿ ತೀರ್ಮಾನಿಸೋಣ" ಎನ್ನಿ. ಒಪ್ಪಿದರೆ ಅದೇ ದಿನ ಮೇಲ್ ಬರೆದು, ಎಚ್‌ಆರ್‌ನವರನ್ನೂ ಸೇರಿಸಿ, ಒಪ್ಪಿಗೆಯ ಉತ್ತರ ಬರುವವರೆಗೆ ಬಿಡಬೇಡಿ. ಬಾಯಿಮಾತಿನ ಒಪ್ಪಿಗೆ ಆ ಮ್ಯಾನೇಜರ್ ಇರುವವರೆಗೆ ಮಾತ್ರ. ಅವರು ಬೇರೆ ಪ್ರಾಜೆಕ್ಟಿಗೆ ಹೋದ ಮರುವಾರವೇ, ಹಾಜರಿ ಏಕೆ ಕಡಿಮೆ ಎಂಬ ಮೇಲ್ ನಿಮ್ಮ ಹೆಸರಿಗೆ ಬಂದಿರುತ್ತದೆ.