ಆ ಮಕ್ಕಳು ವಾಪಸ್ ಬಂದ್ರಾ?

ಹತ್ತನೇ ಕ್ಲಾಸಿಗೆ ಇವತ್ತು ಮೈಸೂರು ಯುದ್ಧಗಳ ರಿವಿಷನ್. ಇಸವಿಗಳೆಲ್ಲ ಮಗ್ಗಿ ಒಪ್ಪಿಸಿದ ಹಾಗೆ ಬಂದವು. 1769 ಮದ್ರಾಸ್ ಒಪ್ಪಂದ, 1784 ಮಂಗಳೂರು, 1792 ಶ್ರೀರಂಗಪಟ್ಟಣ.

ಆಮೇಲೆ ಶ್ರೀರಂಗಪಟ್ಟಣದ ಷರತ್ತುಗಳು. ಅರ್ಧ ರಾಜ್ಯ ಬಿಟ್ಟುಕೊಡಬೇಕು. 3 ಕೋಟಿ 30 ಲಕ್ಷ ರೂಪಾಯಿ ಕಟ್ಟಬೇಕು. ದುಡ್ಡು ತೀರುವವರೆಗೆ ಟಿಪ್ಪುವಿನ ಇಬ್ಬರು ಗಂಡುಮಕ್ಕಳು ಒತ್ತೆ.

ಹಿಂದಿನ ಬೆಂಚಿನವನೊಬ್ಬ, ಸಾಮಾನ್ಯವಾಗಿ ಬಾಯಿ ಬಿಡದವನು, "ಸಾರ್, ಆ ಮಕ್ಕಳು ವಾಪಸ್ ಬಂದ್ರಾ?" ಅಂದ.

1794ರಲ್ಲಿ ಬಂದರು ಅಂದೆ. ಅಷ್ಟಕ್ಕೇ ಬಿಡಲಿಲ್ಲ. ಎಲ್ಲಿಟ್ಟಿದ್ರು? ಮದ್ರಾಸಿನಲ್ಲಿ. ಎಷ್ಟು ದೊಡ್ಡವರು? ನಿನಗಿಂತ ಚಿಕ್ಕವರು ಕಣೋ. ಸ್ವಲ್ಪ ಹೊತ್ತು ಸುಮ್ನಿದ್ದು, "ಮನೆ ನೆನಪಾದ್ರೆ ಏನ್ ಮಾಡ್ತಿದ್ರು ಸಾರ್?"

"ಇದೆಲ್ಲ ಎಕ್ಸಾಮಿಗೆ ಬರಲ್ಲ," ಅಂದಳು ಮುಂದಿನ ಬೆಂಚಿನವಳು. ನಿಜ, ಬರಲ್ಲ. ಷರತ್ತು ಬರೆದರೆ ಅಂಕ ಸಿಗುತ್ತದೆ. ಆದರೆ ಆ ಷರತ್ತುಗಳಲ್ಲಿ ಹುಡುಗರ ಕಣ್ಣಿಗೆ ಮೊದಲು ಬೀಳುವವರು ಹುಡುಗರೇ ಅಲ್ವಾ? ನಮಗೆ ದೊಡ್ಡವರಿಗೆ ಕೋಟಿ ಕಾಣಿಸುತ್ತದೆ.

ನಾಳೆ ಕಿತ್ತೂರು. ಚೆನ್ನಮ್ಮನ ದತ್ತುಮಗ ಶಿವಲಿಂಗಪ್ಪನ ಬಗ್ಗೆ ಇವನು ಏನು ಕೇಳುತ್ತಾನೋ! ರಾತ್ರಿ ಸ್ವಲ್ಪ ಜಾಸ್ತಿ ಓದಿಕೊಂಡೇ ಹೋಗಬೇಕು.